ಅಂಚಿನ ಇಳಿತ

ಮೂವತ್ತಾರಕ್ಕೆ ನಿವೃತ್ತಳಾದೆ ಎಂದರೆ ಬೆಳುವಾಯಿ ಬಸ್ಸಿನಲ್ಲಿ ಪರಿಚಯದವರು ನಗುತ್ತಾರೆ. "ಬ್ಯಾಂಕಿನವರಿಗೂ ಅರುವತ್ತರ ತನಕ ಕೆಲಸ ಉಂಟು, ನಿನಗೆ ಎಂತ ಅವಸರ ಮಾರಾಯ್ತಿ?" ಎಂದು ಕೇಳುತ್ತಾರೆ. ನಾನಾಗಿ ಬಿಟ್ಟದ್ದಲ್ಲ, ಯಾರೂ ನನ್ನನ್ನು ತೆಗೆದುಹಾಕಿದ್ದೂ ಅಲ್ಲ. ನಾನು ಮಾಡುತ್ತಿದ್ದ ಕೆಲಸವೇ ಇಲ್ಲವಾಯಿತು. ಇನ್ನು ಅದಕ್ಕೆ ಮನುಷ್ಯರನ್ನು ಯಾರೂ ನೇಮಿಸುವುದಿಲ್ಲ. ಹಾಗಾಗಿ ನಿವೃತ್ತಿ ಎಂಬ ಮಾತೇ ಸರಿ.

ಕಳೆದ ತಿಂಗಳು ಬಂಟ್ವಾಳದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮಾತನಾಡಲು ಕರೆದಿದ್ದರು. ಕರೆದವಳು ಅಲ್ಲಿನ ವಿಜ್ಞಾನ ಟೀಚರ್ ನಫೀಸಾ, ಹಿಂದೆ ನನ್ನ ಜೊತೆಯಲ್ಲೇ ಕೆಲಸ ಮಾಡಿದವಳು. ಮಾತು ಮುಗಿದ ಮೇಲೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: "ಮಿಸ್, ಎಲ್ಲ ಯಂತ್ರವೇ ನೋಡುವುದಾದರೆ ನಾವು ಕಲಿತು ಎಂತ ಮಾಡುವುದು?" ನಾನು ಏನೋ ಒಂದು ಹೇಳಿ ಕೆಳಗಿಳಿದೆ. ಹೇಳಿದ್ದು ಉತ್ತರವಾಗಿರಲಿಲ್ಲ. ಆ ಹುಡುಗಿಗೆ ಮತ್ತು ಅವಳಂಥವರಿಗೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕೆಲಸ ಇದು. ಭೂಮಿಯ ಸುತ್ತ ತಿರುಗುವ ಒಂದು ದೂರದರ್ಶಕ ಆಕಾಶದ ಒಂದು ತುಂಡನ್ನು ಸುಮಾರು ಒಂದು ತಿಂಗಳು ಬಿಡದೆ ನೋಡುತ್ತದೆ, ಮತ್ತೆ ಮುಂದಿನ ತುಂಡಿಗೆ ತಿರುಗುತ್ತದೆ. ಪ್ರತಿ ನಕ್ಷತ್ರದ ಬೆಳಕು ಎಷ್ಟಿತ್ತು ಎಂಬುದು ಒಂದು ಗೆರೆಯಾಗಿ ನಮ್ಮ ಪರದೆಯ ಮೇಲೆ ಬರುತ್ತದೆ. ನಕ್ಷತ್ರದ ಮುಂದೆ ಒಂದು ಗ್ರಹ ಹಾದುಹೋದರೆ ಬೆಳಕು ತುಸು ಕಡಿಮೆಯಾಗಿ ಗೆರೆ ಸಣ್ಣಗೆ ಇಳಿಯುತ್ತದೆ. ಅದೇ ಇಳಿತ ಸಮ ಅಂತರದಲ್ಲಿ ಮತ್ತೆ ಬಂದರೆ ಅಲ್ಲೊಂದು ಗ್ರಹ ಸುತ್ತುತ್ತಿರಬಹುದು. ಗೆರೆ ನೋಡಿ 'ಇರಬಹುದು' ಅಥವಾ 'ಅಲ್ಲ' ಎಂದು, ಎರಡೂ ಹೇಳಲಾಗದಿದ್ದರೆ 'ಸಂಶಯ' ಎಂದು ಬರೆಯಬೇಕು. ಈ ದತ್ತಾಂಶ ಗುಟ್ಟಲ್ಲ. ಲೋಕಕ್ಕೆಲ್ಲ ತೆರೆದಿಡುತ್ತಾರೆ, ಮೂಡುಬಿದಿರೆಯ ಬಟ್ಟೆ ಅಂಗಡಿಯ ಮೇಲಿನ ಮಹಡಿಯ ನಮ್ಮ ಕೇಂದ್ರದಲ್ಲಿ ಕೂತವರಿಗೂ.

ನಾನು ದಿನಚರಿ ಬರೆಯುವವಳು. ತಾರೀಕು, ಅಂದು ನೋಡಿದ ನಕ್ಷತ್ರಗಳು, 'ಇರಬಹುದು' ಎಷ್ಟು, 'ಅಲ್ಲ' ಎಷ್ಟು, ಎಲ್ಲ ಮನೆ ಹಾಕಿ ಬರೆದಿದ್ದೇನೆ. ಪುಟ ತಿರುವಿದರೆ 'ಅಲ್ಲ'ದ ಸಾಲೇ ತುಂಬಿದೆ. ಈ ವೃತ್ತಿಯ ನಿಜವಾದ ರುಚಿ ಅದು. ಬೆಳಿಗ್ಗೆಯಿಂದ ಸಂಜೆಯ ತನಕ ಅಲ್ಲ, ಅಲ್ಲ, ಅಲ್ಲ. ವಾರಗಟ್ಟಲೆ ಹಾಗೆ ಹೇಳಿ ಮನೆಗೆ ಬಂದರೆ ಅಮ್ಮ ಬಡಿಸುವ ಅನ್ನಕ್ಕೂ ಬಾಯಲ್ಲಿ ಮೊದಲು ಬರುವುದು ಅದೇ ಮಾತು.

ಹೊರಗಿನವರಿಗೆ ಇದು ಗೊತ್ತಿರಲಿಲ್ಲ. ಬಸ್ಸಿನ ಕಂಡಕ್ಟರ್ ಪ್ರತಿ ಜೂನಿನಲ್ಲಿ ಕೇಳುತ್ತಿದ್ದ, "ಇನ್ನು ನಿಮಗೆ ರಜೆ ಅಲ್ವಾ? ಮೋಡದಲ್ಲಿ ಎಂತ ಕಾಣ್ತದೆ?"

"ನಮ್ಮ ದೂರದರ್ಶಕ ಮೋಡದಿಂದ ಮೇಲೆ ಉಂಟು."

"ಹಾಗಾದರೆ ಅದರಲ್ಲೇ ಹೋಗಿ ಮಾರಾಯ್ರೆ, ಇಲ್ಲಿ ಒಂದು ಸೀಟು ಖಾಲಿ ಆಗ್ತದೆ."

ಕೇಂದ್ರ ಕಟ್ಟಿದವರು ಧರಣೇಂದ್ರ ಸರ್. ಊರಿನ ಜೈನ ಮನೆತನದವರು. ದೊಡ್ಡ ಸಂಶೋಧನಾಲಯದಲ್ಲಿ ಬಹಳ ಕಾಲ ಇದ್ದು, ಸ್ವಯಂ ನಿವೃತ್ತಿ ಪಡೆದು ಬಂದಿದ್ದರು. ಒಂದು ಯೋಜನೆಯ ಅನುದಾನದಲ್ಲಿ ನಮ್ಮನ್ನು ನೇಮಿಸಿಕೊಂಡರು: ನಾನು, ವಿಟ್ಲದ ನಫೀಸಾ, ಮುಂಡಾಜೆಯ ಜಯಂತ. ಸರ್ ಮನೆ ಅಂಗಡಿಯ ಹಿಂದಿನ ಓಣಿಯಲ್ಲೇ. ಅವರ ಹೆಂಡತಿ ಸುನಂದಕ್ಕ ಮಧ್ಯಾಹ್ನದ ಚಾ ಕಳುಹಿಸುತ್ತಿದ್ದರು.

ಮೊದಲ ವಾರ ಸರ್ ನಮಗೆ ಆಕಾರ ಕಲಿಸಿದರು. ಗ್ರಹದ ಇಳಿತ ಬುಡದಲ್ಲಿ ಚಪ್ಪಟೆ. ಎರಡು ನಕ್ಷತ್ರಗಳು ಒಂದನ್ನೊಂದು ಸವರಿಕೊಂಡು ಮರೆಮಾಡಿದರೆ ಇಳಿತದ ತುದಿ ಚೂಪು. ಜಯಂತ ಕೂಡಲೇ ಹೆಸರಿಟ್ಟ. ಚಪ್ಪಟೆ ಬುಡದ್ದು ಪಾಯಸ ಮಾಡುವ ಉರುಳಿ, ಚೂಪಿನದ್ದು ನೇಗಿಲು. ಅಲ್ಲಿಂದ ಮುಂದೆ ಸರ್ ಕೂಡ ಹಾಗೆಯೇ ಕೇಳುತ್ತಿದ್ದರು, "ಉರುಳಿಯಾ, ನೇಗಿಲಾ?"

ಜಯಂತನ ಮೊದಲ ತಪ್ಪು ಇಂದಿಗೂ ನೆನಪು. ಒಂದು ದಿನ ಅವನು ಚಾ ಕುಡಿಯುವ ಮೊದಲೇ ಹತ್ತಾರು ಗ್ರಹ ಹಿಡಿದ. ಕುರ್ಚಿಯಿಂದ ಎದ್ದು, "ಸರ್, ಇವತ್ತು ಬುಟ್ಟಿ ತುಂಬಿತು!" ಎಂದ.

ಸರ್ ಹೋಗಿ ಪರದೆಯ ಎದುರು ಕೂತರು. "ಎಲ್ಲ ಇಳಿತ ಯಾವ ಹೊತ್ತಿಗೆ ಬಂದದ್ದು?"

ಜಯಂತ ನೋಡಿದ. ಮುಖ ಸಣ್ಣದಾಯಿತು. "ಒಂದೇ ಹೊತ್ತಿಗೆ ಸರ್."

"ಒಂದೇ ಮುಹೂರ್ತದಲ್ಲಿ ಇಷ್ಟು ಮದುವೆಯಾ ಜಯಂತ?"

"ಧನುರ್ಮಾಸಕ್ಕೆ ಮೊದಲು ಮುಗಿಸುವ ಅಂತ ಇರಬೇಕು ಸರ್."

ದೂರದರ್ಶಕದ ಬಾಯಿಗೆ ಭೂಮಿಯ ಬೆಳಕು ಹೊಕ್ಕು ಲೆಕ್ಕ ಕೆಟ್ಟಿತ್ತು. ಹಾಗಾಗಿ ಆ ಭಾಗದ ನಕ್ಷತ್ರಗಳೆಲ್ಲ ಒಟ್ಟಿಗೆ ಮಂಕಾದಂತೆ ಕಂಡಿದ್ದವು. ಈ ಗಲಾಟೆ ಹೆಚ್ಚಾಗಿ ಗೆರೆಯ ಅಂಚುಗಳಲ್ಲಿ, ದೂರದರ್ಶಕ ದತ್ತಾಂಶ ಕಳುಹಿಸಲು ನೋಟ ನಿಲ್ಲಿಸುವ ಹೊತ್ತಿಗೆ ಹತ್ತಿರ ಬರುತ್ತದೆ. ಅಂಚನ್ನು ನಂಬಬೇಡಿ ಎಂದು ಸರ್ ಹೇಳಿದ್ದು ಅಂದೇ. ಮಾತು ಸರಿಯಾದದ್ದೇ. ಸರಿಯಾದದ್ದರಿಂದಲೇ ಮುಂದೆ ನಮಗೆ ಯಾರಿಗೂ ಅದನ್ನು ಪ್ರಶ್ನಿಸಬೇಕು ಎನಿಸಲಿಲ್ಲ.

ಸರ್ ಇಟ್ಟ ಕಟ್ಟುಪಾಡುಗಳಲ್ಲಿ ಎರಡನ್ನು ಹೇಳಬೇಕು. ಪ್ರತಿ ನಕ್ಷತ್ರವನ್ನು ಇಬ್ಬರು ಬೇರೆ ಬೇರೆಯಾಗಿ ನೋಡಬೇಕು. ಇಬ್ಬರೂ ಬರೆದು ಮುಗಿಸುವ ತನಕ ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಬಾರದು, ಚಾ ಕುಡಿಯುವಾಗಲೂ, ಬಸ್ಸಿನಲ್ಲೂ. ಹೇಳಿದರೆ ಎರಡನೆಯವರು ತಾವು ನೋಡುವುದನ್ನು ಬಿಟ್ಟು ಕೇಳಿದ್ದನ್ನು ನೋಡುತ್ತಾರೆ. ಇಬ್ಬರ ಮಾತು ಬೇರೆಯಾದರೆ ಸರ್ ನೋಡಿ ತೀರ್ಮಾನಿಸುತ್ತಾರೆ. ಇನ್ನೊಂದು, ಸೂರ್ಯ ಮುಳುಗಿದ ಮೇಲೆ ಯಾವ ನಕ್ಷತ್ರಕ್ಕೂ ತೀರ್ಮಾನವಿಲ್ಲ. "ದಣಿದ ಕಣ್ಣಿಗೆ ಆಸೆಯೇ ಕಾಣುವುದು" ಎನ್ನುತ್ತಿದ್ದರು. ಸರ್ ಸೂರ್ಯಾಸ್ತದ ಮೊದಲೇ ಊಟ ಮಾಡುವವರು. ಬಿಸಿಲು ಕೆಂಪಾಗುತ್ತಲೇ ಮೆಟ್ಟಿಲು ಇಳಿದುಬಿಡುತ್ತಿದ್ದರು. ಊರಿನಲ್ಲಿ ಅದು ಯಾರಿಗೂ ವಿಶೇಷವಲ್ಲ. ಹೊತ್ತು ಕಂತಿದ ಮೇಲೆ ಉಣ್ಣದ ಮನೆಗಳು ಆ ಓಣಿಯಲ್ಲಿ ಎಷ್ಟೋ ಇದ್ದವು. ವ್ರತಸ್ಥರು ಎಂದು ನಮಗೆ ಅವರ ಮೇಲೆ ಗೌರವ ಇನ್ನಷ್ಟಾಯಿತು.

ತೀರ್ಮಾನಕ್ಕೆ ಕೂತಾಗ ಅವರದ್ದೊಂದು ಕ್ರಮವಿತ್ತು. "ಮೊದಲು ನೀನು ಹೇಳು, ಮತ್ತೆ ನಾನು ನೋಡ್ತೇನೆ" ಎನ್ನುತ್ತಿದ್ದರು. ನಾವು ಗೆರೆಯನ್ನು ಬಾಯಲ್ಲಿ ವಿವರಿಸಬೇಕು. ಆಮೇಲೆ ಅವರು ತಲೆಯನ್ನೇ ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸುತ್ತಾ ಪರದೆ ನೋಡುವರು. ಎಷ್ಟು ಜಾಗ್ರತೆ ಎಂದು ನಾನು ಅದನ್ನು ಅನುಕರಿಸಿದ್ದೂ ಉಂಟು.

ನಫೀಸಾಗೆ ಈ ಕೆಲಸದಿಂದ ಒಂದು ದಾರಿ ಆಗಬೇಕಿತ್ತು. ಎಂ.ಎಸ್ಸಿ. ಕೊನೆಯ ವರ್ಷ ತಾಯಿಗೆ ಕಾಯಿಲೆಯಾಗಿ ಅವಳ ಅಂಕ ಕಡಿಮೆಯಾಗಿತ್ತು. ಅವಳು ಸೇರಬೇಕೆಂದಿದ್ದ ಸಂಶೋಧನಾಲಯದವರು, ಸ್ವಂತದ್ದೊಂದು ಶೋಧ ಇದ್ದರೆ ಆ ಅಂಕವನ್ನು ನೋಡುವುದಿಲ್ಲ ಎಂದಿದ್ದರು. ಅವಳ ತಂದೆ ವಿಟ್ಲದ ಅಡಿಕೆ ಮಂಡಿಯಲ್ಲಿ ತೂಕ ನೋಡುವವರು. ಮಗಳನ್ನು ಮೋಳೆ ಎಂದು ಕರೆಯುವ ಅವರು ಫೋನ್ ಮಾಡಿದಾಗಲೆಲ್ಲ "ಸಿಕ್ಕಿತಾ ಮೋಳೆ ನಿನ್ನ ನಕ್ಷತ್ರ?" ಎಂದೇ ಕೇಳುತ್ತಿದ್ದರು. ಎರಡೆರಡು ಬಸ್ಸು ಹಿಡಿದು ಬಂದು, ನಮ್ಮೆಲ್ಲರಿಗಿಂತ ಮೊದಲು ಅವಳು ಪರದೆ ಹಚ್ಚಿರುತ್ತಿದ್ದಳು.

ಒಂದು ಮಧ್ಯಾಹ್ನ ಅವಳ ಕುರ್ಚಿಯ ಕಿರುಗುಟ್ಟುವ ಸದ್ದು ನಿಂತಿತು. ಅವಳು ಏನೂ ಹೇಳಲಿಲ್ಲ, ಹೇಳಬಾರದಿತ್ತು. ಆದರೆ ಬೆರಳುಗಳನ್ನು ಒಂದರೊಳಗೊಂದು ಹೆಣೆದು ಕೂತಿದ್ದಳು. ಅದೇ ನಕ್ಷತ್ರ ನನಗೆ ಎರಡನೆಯ ನೋಟಕ್ಕೆ ಬಂತು. ಗೆರೆಯ ನಡುವೆ ಒಂದು ಚೆಂದದ ಉರುಳಿ. ಬಲದ ಅಂಚಿನಲ್ಲಿ, ಗೆರೆ ಮುಗಿಯುವಲ್ಲಿ, ಇನ್ನೊಂದು, ಅಷ್ಟೇ ಆಳದ್ದು. ಅಂಚಿನದಾದ್ದರಿಂದ ನಾನು 'ಸಂಶಯ' ಎಂದು ಬರೆದೆ. ಅವಳು 'ಇರಬಹುದು' ಎಂದು ಬರೆದಿದ್ದಳು. ಸರ್ ಬಳಿಗೆ ಹೋಯಿತು.

"ಹೇಳು ನಫೀಸಾ."

"ಎರಡು ಉರುಳಿ ಸರ್. ಒಂದು ನಡುವಿನಲ್ಲಿ, ಒಂದು ಬಲದ ಅಂಚಿನಲ್ಲಿ. ಆಳ ಒಂದೇ. ಅಕ್ಕಪಕ್ಕದ ನಕ್ಷತ್ರಗಳಲ್ಲಿ ಆ ಹೊತ್ತಿಗೆ ಏನೂ ಇಲ್ಲ."

ಸರ್ ತಲೆ ತಿರುಗಿಸುತ್ತಾ ಹೋದರು. ಬಲಕ್ಕೆ ಹೋದರು, ಮತ್ತೆ ನಡುವಿಗೆ ಬಂದರು. "ನನಗೆ ಒಂದೇ ಕಾಣುವುದು."

"ಇಲ್ಲಿ ಸರ್." ಅವಳು ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟಳು.

ಸರ್ ಅವಳ ಕೈಯ ಕಡೆಗೆ ತಲೆ ತಿರುಗಿಸಿದರು. "ಹಾಂ, ಅದಾ? ಕಂಡಿತು. ಅದು ಅಂಚಿನ ಗಲಾಟೆ. ಒಂದೇ ಇಳಿತಕ್ಕೆ ಗ್ರಹ ಎನ್ನಲಿಕ್ಕೆ ಆಗುವುದಿಲ್ಲಮ್ಮ. ಬಿಡು."

ನಫೀಸಾ ಇನ್ನೊಂದು ಮಾತು ಆಡುತ್ತಾಳೆ ಎಂದುಕೊಂಡೆ. ಅವಳು ಬೆರಳು ತೆಗೆದು, ಸರ್ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಆಯ್ತು ಸರ್" ಎಂದು ಹೋಗಿ ಕೂತಳು. ನನ್ನ ಪುಟದಲ್ಲಿ ಅಂದಿನ 'ಅಲ್ಲ'ಗಳ ಜೊತೆ ಅದೂ ಸೇರಿತು.

ಆ ವರ್ಷ ಅವಳ ಅರ್ಜಿ ಒಪ್ಪಿಗೆಯಾಗಲಿಲ್ಲ. ಬಿ.ಎಡ್. ಮಾಡಲು ಹೊರಟಳು. ಕೊನೆಯ ದಿನ ಜಯಂತ ಎಲ್ಲರಿಗೂ ಬನ್ಸ್ ತಂದ. "ಮಕ್ಕಳಿಗೆ ಪಾಠ ಮಾಡುವಾಗ ನಮ್ಮ ಉರುಳಿ ಮರೆಯಬೇಡ, ಪಾಯಸ ಹಾಕುವ ದಿನ ಕರಿ" ಎಂದ. ಅವಳು ನಕ್ಕಳು. ಸರ್ ಬಾಗಿಲ ತನಕ ಬಂದು ನಿಂತರು. ಅವಳು ಎಡಗಡೆಯಿಂದ ಬಗ್ಗಿ ಕಾಲು ಮುಟ್ಟಿದ್ದು ಅವರಿಗೆ ತಿಳಿಯಲಿಲ್ಲ. ನೇರ ಎದುರಿಗೆ ನೋಡುತ್ತಲೇ ಇದ್ದರು. ಮನಸ್ಸಿಗೆ ಬೇಸರವಾಗಿರಬೇಕು ಎಂದು ನಾನು ತಿಳಿದೆ.

ಮುಂದೆ ದೂರದರ್ಶಕ ಮತ್ತೆ ಅದೇ ತುಂಡು ಆಕಾಶಕ್ಕೆ ತಿರುಗಿತು. ಹೊರದೇಶದ ಒಂದು ತಂಡ ಅಲ್ಲೊಂದು ಗ್ರಹ ಪ್ರಕಟಿಸಿತು. ಆಕಾಶದ ಸ್ಥಾನ ತಾಳೆ ನೋಡಿದೆ. ನಫೀಸಾಳ ನಕ್ಷತ್ರ. ಹಳೆಯ ನೋಟದ ಅಂಚಿನ ಇಳಿತವೂ ಅವರ ಪ್ರಬಂಧದಲ್ಲಿ ಇತ್ತು, ಮೊದಲ ಸಾಕ್ಷಿಯಾಗಿ. ಸರ್‌ಗೆ ಶೀರ್ಷಿಕೆ ಓದಿ ಹೇಳಿದೆ, ಯಾವ ನಕ್ಷತ್ರ ಎಂದು ಹೇಳಲಿಲ್ಲ. "ಒಳ್ಳೆಯದಾಯಿತು" ಎಂದರು. ಹಾಗೆ ಹೇಳಿ ತುಂಬ ಹೊತ್ತು ಪರದೆಯ ಕಡೆಗೇ ಮುಖ ಮಾಡಿ ಕೂತರು. ಪರದೆ ಆರಿತ್ತು.

ನನಗೆ ವಿಷಯ ತಿಳಿದದ್ದು ಆಮೇಲಿನ ಮಳೆಗಾಲದಲ್ಲಿ. ಸುನಂದಕ್ಕ ತಾವೇ ಚಾ ತಂದಿದ್ದರು. ನಾನು ಸರ್ ಮಗ್ಗುಲಿಗೆ ಗ್ಲಾಸು ಇಟ್ಟೆ. ಅವರ ಮೊಣಕೈ ತಾಗಿ ಗ್ಲಾಸು ಬಿದ್ದು ಚಾ ಕೀಬೋರ್ಡಿನ ಮೇಲೆ ಹರಿಯಿತು. ಸರ್ ಗಾಬರಿಯಾಗಿ ಕೈಯಲ್ಲಿ ತಡವುತ್ತಾ ಬಟ್ಟೆ ಹುಡುಕಿದರು. ಬಟ್ಟೆ ಅವರ ಪಕ್ಕದಲ್ಲೇ ಇತ್ತು.

ಮೆಟ್ಟಿಲಿನಲ್ಲಿ ಸುನಂದಕ್ಕ ನನ್ನ ಕೈ ಹಿಡಿದರು. "ಅವರಿಗೆ ಮಗ್ಗುಲಿನಲ್ಲಿ ಇಟ್ಟದ್ದು ಕಾಣುವುದಿಲ್ಲ ಸುಜಾತಾ. ನೇರ ಎದುರಿಗೆ ಇಡಬೇಕು."

"ಯಾವಾಗಿಂದ ಅಕ್ಕ?"

"ಊರಿಗೆ ಬಂದದ್ದೇ ಅದಕ್ಕೆ. ಮೊದಲು ಕತ್ತಲೆಯಲ್ಲಿ ಕಾಣುವುದು ಹೋಯಿತು, ಮತ್ತೆ ಅಂಚಿನಿಂದ ಒಳಗೆ ಒಳಗೆ ಬಂತು. ಕೊಳವೆಯಲ್ಲಿ ನೋಡಿದ ಹಾಗೆ ಅಂತಾರೆ. ಮದ್ದು ಇಲ್ಲವಂತೆ."

"ಸಾಯಂಕಾಲ ಬೇಗ ಹೋಗುವುದು?"

"ವ್ರತ ಸುಳ್ಳಲ್ಲ. ಆದರೆ ಓಣಿ ದಾಟಲಿಕ್ಕೂ ಬೆಳಕು ಬೇಕಲ್ಲ." ಅವರು ಸೆರಗಿನಲ್ಲಿ ಗ್ಲಾಸು ಒರೆಸುತ್ತಲೇ ಇದ್ದರು. "ಇದನ್ನೂ ಬಿಟ್ಟರೆ ಅವರು ಎಂತ ಮಾಡುವುದು? ಯಾರಿಗೂ ಹೇಳಬೇಡ."

ನಾನು ಹೇಳಲಿಲ್ಲ. ಅಂದಿನಿಂದ ಅಂಚುಗಳನ್ನು ನಾನೇ ಓದಿ ಹೇಳುತ್ತಿದ್ದೆ. "ಉಂಟಾದರೆ ಬರೆ" ಎನ್ನುತ್ತಿದ್ದರು, ಜಗಳವಾಡದೆ. ನನಗೆ ಗೊತ್ತೆಂಬುದು ಅವರಿಗೆ ತಿಳಿದಿತ್ತೋ ಇಲ್ಲವೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಗಲೇ ಯಂತ್ರ ಬಂತು. ಯಂತ್ರ ಎಂದರೆ ಕಂಪ್ಯೂಟರಿನೊಳಗಿನ ಒಂದು ಕ್ರಮವಿಧಿ. ಸಾವಿರಾರು ಗೆರೆಗಳನ್ನು, ಅವುಗಳಿಗೆ ಮನುಷ್ಯರು ಕೊಟ್ಟ ತೀರ್ಮಾನಗಳನ್ನು ಅದಕ್ಕೆ ತೋರಿಸಿದರೆ ಅದು ತಾನೇ ನೋಡಲು ಕಲಿಯುತ್ತದೆ. ಯೋಜನೆಯವರು ನಮ್ಮ ಎಲ್ಲ ತೀರ್ಮಾನಗಳನ್ನು ಕೇಳಿ ಪಡೆದರು. ನಾವು ವರ್ಷಗಟ್ಟಲೆ ನೋಡಿದ್ದನ್ನು ಅದು ಒಂದು ಊಟದ ಹೊತ್ತಿನೊಳಗೆ ನೋಡಿ ಮುಗಿಸಿತು. ಪರೀಕ್ಷೆಗೆಂದು ಬಂದ ಯುವಕ ಸಂತೋಷದಲ್ಲಿ ಹೇಳಿದ, "ನೋಡಿ ಮೇಡಂ, ಅಂಚಿನದ್ದನ್ನು ಎಷ್ಟು ಚೆನ್ನಾಗಿ ಬಿಡ್ತದೆ. ನಿಮ್ಮ ಸರ್ ಹಾಗೆಯೇ."

ನಾನು ನಫೀಸಾಳ ನಕ್ಷತ್ರದ ಹಳೆಯ ಗೆರೆಯನ್ನು ಅದಕ್ಕೆ ಕೊಟ್ಟೆ. 'ಅಲ್ಲ' ಎಂದಿತು. ಆ ಯುವಕನಿಗೆ, ಅಂಚಿನ ತೀರ್ಮಾನಗಳನ್ನು ತೆಗೆದು ಮತ್ತೆ ಕಲಿಸಿ ಎಂದೆ. ಒಂದು ನಕ್ಷತ್ರ ತಪ್ಪಿದ್ದು ಸಾಲದು ಎಂದು ಬೇರೆ ಕಾರಣ ಕೇಳಿದ. ಸುನಂದಕ್ಕನಿಗೆ ಕೊಟ್ಟ ಮಾತನ್ನು ಮುರಿಯದೆ ಹೇಳಬಹುದಾದ ಕಾರಣ ನನ್ನಲ್ಲಿ ಇರಲಿಲ್ಲ. "ಸುಮ್ಮನೆ ಸಂಶಯ" ಎಂದೆ. ಸಂಶಯಕ್ಕೆ ಮತ್ತೆ ಕಲಿಸುವವರು ಯಾರು? ಅದು ಈಗಲೂ ಎಲ್ಲೋ ಕೆಲಸ ಮಾಡುತ್ತಿದೆ. ಒಬ್ಬ ಮನುಷ್ಯನಿಗೆ ಕಾಣದೇ ಹೋದದ್ದು ಅದಕ್ಕೂ ಕಾಣುವುದಿಲ್ಲ, ಅದು ದಣಿಯುವುದೂ ಇಲ್ಲ.

ಕೇಂದ್ರ ಮುಚ್ಚಿತು. ಜಯಂತ ಮುಂಡಾಜೆಯಲ್ಲಿ ಅಣ್ಣನ ಜೊತೆ ಗ್ಯಾರೇಜಿಗೆ ಸೇರಿದ. ನಾನು ಮನೆಗೆ ಬಂದೆ.

ಬಂಟ್ವಾಳದ ಶಾಲೆಯಲ್ಲಿ ಆ ಹುಡುಗಿಯ ಪ್ರಶ್ನೆ ಮುಗಿದ ಮೇಲೆ ನಫೀಸಾ ನನ್ನನ್ನು ಸ್ಟಾಫ್ ರೂಮಿಗೆ ಕರೆದುಕೊಂಡು ಹೋದಳು. ಬಹಳ ದಿನಗಳಿಂದ ಹೊತ್ತದ್ದನ್ನು ಇಳಿಸಿಬಿಡುವ ಎಂದು ನಾನು ಶುರುಮಾಡಿದೆ. "ನಫೀಸಾ, ನಿನ್ನ ನಕ್ಷತ್ರದ ದಿವಸ ಸರ್‌ಗೆ..."

"ಕಾಣಲಿಲ್ಲ. ಗೊತ್ತುಂಟು ಸುಜಾತಕ್ಕ."

"ನಿನಗೆ ಯಾರು ಹೇಳಿದ್ದು?"

"ಯಾರು ಹೇಳಬೇಕು? ನಾನು ಬೆರಳು ಇಟ್ಟದ್ದು ಇಳಿತದ ಮೇಲೆ ಅಲ್ಲ. ಅದರ ಕೆಳಗೆ ಖಾಲಿ ಜಾಗದಲ್ಲಿ ಇಟ್ಟೆ. ಅವರು 'ಕಂಡಿತು' ಅಂದರು."

"ಮತ್ತೆ ಯಾಕೆ ಸುಮ್ಮನಾದೆ ಮಾರಾಯ್ತಿ? ನಿನ್ನ ಇಡೀ..."

"ಹೇಳಿದ್ದರೆ ಅವರು ಮರುದಿನ ಮೆಟ್ಟಿಲು ಹತ್ತುತ್ತಿದ್ದರಾ?" ಅವಳು ಮಕ್ಕಳ ಪುಸ್ತಕಗಳನ್ನು ಸರಿಯಾಗಿ ಜೋಡಿಸಿದಳು. "ಜಯಂತಣ್ಣ ದಿನಾ ಬೆಳಿಗ್ಗೆ ಸರ್ ಹತ್ತಿ ಬರುವ ಮೊದಲೇ ಮೆಟ್ಟಿಲ ಬದಿಯ ಬಕೆಟ್ ಒಳಗಿಡುತ್ತಿದ್ದ, ನೋಡಿದ್ದೀರಲ್ಲ? ಯಾಕೆ ಅಂತ ಕೇಳಿದ್ದೀರಾ?"

ಕೇಳಿರಲಿಲ್ಲ. ಸರ್ ಕಣ್ಣಿನ ಸಂಗತಿಯನ್ನು ಮೂವರೂ ಬೇರೆ ಬೇರೆಯಾಗಿ ನೋಡಿದ್ದೆವು, ಎಲ್ಲರಿಗಿಂತ ತಡವಾಗಿ ನಾನು, ಆದರೂ ಮೂವರಿಗೂ ಒಂದೇ ಕಂಡಿತ್ತು. ಒಬ್ಬರಿಗೊಬ್ಬರು ಹೇಳಬಾರದು ಎಂಬ ಕಟ್ಟುಪಾಡು ಮೈಗೆ ಎಷ್ಟು ಹತ್ತಿತ್ತೆಂದರೆ, ನಕ್ಷತ್ರದ ವಿಷಯ ಅಲ್ಲದ್ದನ್ನೂ ಹೇಳಿಕೊಳ್ಳಲಿಲ್ಲ. ಹೇಳಿಕೊಂಡಿದ್ದರೆ ಸರ್‌ಗೆ ನೋವಾಗದ ಹಾಗೆ, ಅವಳ ನಕ್ಷತ್ರವೂ ಹೋಗದ ಹಾಗೆ ಒಂದು ಉಪಾಯ ಸಿಗುತ್ತಿತ್ತು. ಮೂರು ಜನ ಕೂತರೆ ಅದು ಕಷ್ಟದ್ದಲ್ಲ. ಪ್ರಶ್ನೆ ಕೇಳಿದ ಹುಡುಗಿಗೆ ನಾನು ಹೇಳುವುದು ಇಷ್ಟೇ: ಬೇರೆ ಬೇರೆಯಾಗಿ ನೋಡಿ, ಆದರೆ ನೋಡಿಯಾದ ಮೇಲೆ ಒಟ್ಟಿಗೆ ಕೂತು ಮಾತಾಡಿ. ಯಂತ್ರ ಏನು ಹೇಳಿದರೂ, ಅದಕ್ಕೆ ಕಲಿಸಿದವರು ಯಾರು, ಅವರಿಗೆ ಏನು ಕಾಣುತ್ತಿರಲಿಲ್ಲ ಎಂದು ಕೇಳಿ.

ಆ ಮಾತಾದ ಮುಂದಿನ ಆದಿತ್ಯವಾರ ನಾವಿಬ್ಬರೂ ಮೂಡುಬಿದಿರೆಗೆ ಹೋದೆವು. ಸರ್ ಜಗಲಿಯ ಕುರ್ಚಿಯಲ್ಲಿದ್ದರು. ಈಗ ಎದುರಿನದ್ದೂ ಹೆಚ್ಚು ಕಾಣುವುದಿಲ್ಲ. ನಫೀಸಾಳ ಸ್ವರ ಕೇಳಿ, ಅವಳು ಇರುವ ಕಡೆಗೆ ಅಲ್ಲದೆ ಸ್ವಲ್ಪ ಆಚೆಗೆ ತಿರುಗಿ ನಕ್ಕರು. ಶಾಲೆಯ ವಿಷಯ, ಅವಳ ತಂದೆಯ ಆರೋಗ್ಯ ಎಲ್ಲ ಕೇಳಿದರು. ಮತ್ತೆ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಸರಿದು ಕೂತರು.

"ಆ ಹೊರದೇಶದವರು ಹಿಡಿದದ್ದು ನಿನ್ನ ನಕ್ಷತ್ರವೇ ಅಲ್ವಾ ನಫೀಸಾ?"

ನಾನು ಅವಳನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ.

"ಹೌದು ಸರ್."

"ಅಂಚಿನಲ್ಲಿ ಇದ್ದದ್ದು ನಿಜವಾ?"

"ಇತ್ತು ಸರ್."

ಸರ್ ಮಂಡಿಯ ಮೇಲೆ ಎರಡೂ ಅಂಗೈ ಇಟ್ಟುಕೊಂಡರು. "ನನಗೆ ಕಾಣಲಿಲ್ಲ."

"ಗೊತ್ತಿತ್ತು ಸರ್."

ಅವರು ತಲೆ ಎತ್ತಿದರು. ಏನೋ ಕೇಳಲು ಹೊರಟ ಹಾಗೆ ತುಟಿ ಅಲುಗಿತು. ಅಷ್ಟರಲ್ಲಿ ಒಳಗಿನಿಂದ ಸುನಂದಕ್ಕ, "ಬಡಿಸುವುದಾ? ಹೊತ್ತು ಆಯಿತು" ಎಂದರು.

ಸರ್ ಪಡುವಣ ದಿಕ್ಕಿಗೆ ಮುಖ ತಿರುಗಿಸಿದರು. ಅಲ್ಲಿ ಎದುರು ಕಟ್ಟಡದ ನೀರಿನ ಟ್ಯಾಂಕಿ, ಅದರ ಹಿಂದೆ ಕೆಂಪು. ಅವರಿಗೆ ಅದು ಬೆಳಕೋ ನೆರಳೋ ತಿಳಿಯುತ್ತಿರಲಿಲ್ಲ.

"ಸೂರ್ಯ ಉಂಟಾ?" ಎಂದು ಕೇಳಿದರು. ಕೇಳಿದ್ದು ನನ್ನನ್ನಲ್ಲ.

ನಫೀಸಾ ಎದ್ದು ಜಗಲಿಯ ತುದಿಗೆ ಹೋದಳು. ಕಂಬ ಹಿಡಿದು ಹೊರಗೆ ಬಗ್ಗಿ, ಹಿಂದೆ ಪರದೆಯ ಮುಂದೆ ಕೂರುತ್ತಿದ್ದ ಹಾಗೆಯೇ, ಅವಸರ ಮಾಡದೆ ನೋಡಿದಳು.

"ಉಂಟು ಸರ್. ಅಂಚಿನಲ್ಲಿ ಉಂಟು."

ಸರ್ ಎರಡನೆಯ ಸಲ ಕೇಳಲಿಲ್ಲ. ಗೋಡೆ ತಡವಿಕೊಂಡು ಎದ್ದು, ಊಟಕ್ಕೆ ಒಳಗೆ ಹೋದರು.